ಆಕಾಶದ ಕಣ್ಣು, ನೆಲದ ಕಾಲು

ಇಂಗ್ಲೆಂಡಿನ ಸ್ಟೋನ್‌ಹೆಂಜನ್ನು 1906ರಲ್ಲಿಯೇ ಬೆಲೂನಿನಿಂದ ಚಿತ್ರಿಸಿದರು. 1928ರಲ್ಲಿ ಕ್ರಾಫರ್ಡ್ ಮತ್ತು ಕೀಲರ್ ವಿಮಾನದಿಂದ ತೆಗೆದ ಚಿತ್ರಗಳ ಗ್ರಂಥವನ್ನೇ ಹೊರತಂದರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಎಂ. ಬಿ. ರಜನಿಯವರು 2021ರಲ್ಲಿ ಪ್ರಕಟಿಸಿದ ‘ಪ್ಯಾಟರ್ನ್ಸ್ ಇನ್ ಪಾಸ್ಟ್ ಸೆಟಲ್‌ಮೆಂಟ್ಸ್’ ಎಂಬ ಗ್ರಂಥ ಅದೇ ದಾರಿಯನ್ನು ಉಪಗ್ರಹಗಳವರೆಗೆ ಒಯ್ದಿದೆ. ಅಗೆದು ತೆಗೆದ ನಾಳಂದಕ್ಕಿಂತ ಅಗೆಯದೆ ಉಳಿದ ನಾಳಂದ ಎಷ್ಟು ವಿಸ್ತಾರವಾದುದೆಂಬುದನ್ನು ಕಾಣಿಸಿಕೊಟ್ಟದ್ದು ಈ ವಿದ್ಯೆಯೇ.

ಇದರ ತತ್ತ್ವ ಒಕ್ಕಲಿಗನಿಗೆ ಅಪರಿಚಿತವಲ್ಲ. ಹೂತ ಗೋಡೆಯ ಮೇಲೆ ಮಣ್ಣು ತೆಳು. ಅಲ್ಲಿನ ಪೈರು ಬೇಗ ಬಾಡುತ್ತದೆ. ಮುಚ್ಚಿಹೋದ ಕಂದಕದಲ್ಲಿ ತೇವ ನಿಲ್ಲುತ್ತದೆ. ಅಲ್ಲಿನ ಪೈರು ಹುಲುಸಾಗಿ ಏಳುತ್ತದೆ. ಬದುವಿನ ಮೇಲೆ ನಿಂತವನಿಗೆ ಇದು ಬರಿಯ ಏರುಪೇರು. ಮೇಲಿನಿಂದ ನೋಡಿದವನಿಗೆ ಕೋಟೆಯ ಸುತ್ತು.

ಹಾಗಾದರೆ ಮೇಲಿನ ನೋಟವೇ ಕಡೆಯ ಮಾತೆ? ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ಬಲ್ಲವರು ಹಾಗೆನ್ನಲಾರರು. ಬಿಲ್ಲನ್ನೇರಿದ ಗೊರವಯ್ಯ ನುಡಿಯುವುದು ಒಂದೇ ಮಾತು. ಅದು ಮಳೆಗೆ ಸಂದದ್ದೋ, ಬೆಳೆಗೋ, ರಾಜ್ಯದ ಆಗುಹೋಗಿಗೋ ಎಂದು ಬಿಡಿಸಬೇಕಾದವರು ಕೆಳಗೆ ನಿಂತ ಜನ. ಆಕಾಶದ ಚಿತ್ರವೂ ಅಂಥ ಕಾರಣಿಕವೇ. ಕಂಡ ಗೆರೆ ಗೋಡೆಯೋ, ಹಳೆಯ ಕಾಲುವೆಯೋ, ನಿನ್ನೆಯ ಬಂಡಿಜಾಡೋ ಎಂಬುದಕ್ಕೆ ನೆಲವೇ ಸಾಕ್ಷಿ ನುಡಿಯಬೇಕು.

ಹಂಪೆಯನ್ನೇ ನೋಡಿ. ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ 1987ರಿಂದ 1997ರವರೆಗೆ ವಿಜಯನಗರದ ಹೊರವಲಯವನ್ನು ಕಾಲ್ನಡಿಗೆಯಲ್ಲಿ ಶೋಧಿಸಿ 700ಕ್ಕೂ ಮೇಲ್ಪಟ್ಟು ನೆಲೆಗಳನ್ನು ದಾಖಲಿಸಿದರು. ಬಂಡೆಯ ಮರೆಯ ಪುಟ್ಟ ಗುಡಿ, ಮಡಕೆಯ ಚೂರು ಇಂಥವು ಆಕಾಶದ ಕಣ್ಣಿಗೆ ಬೀಳುವುದು ಕಷ್ಟ.

ಆದರೂ ನಡೆಯುವವನಿಗೆ ಒಂದು ಅಸಾಧ್ಯ: ಕಳೆದ ಕಾಲಕ್ಕೆ ಮರಳುವುದು. 1960ರಿಂದ 1972ರವರೆಗೆ ಅಮೆರಿಕದ ‘ಕೊರೋನಾ’ ಗೂಢಚಾರ ಉಪಗ್ರಹಗಳು ತೆಗೆದ ಚಿತ್ರಗಳು 1995ರಲ್ಲಿ ಬಯಲಿಗೆ ಬಂದವು. ಯುದ್ಧಭಯದಿಂದ ತೆಗೆದ ಆ ಚಿತ್ರಗಳು ಇಂದು ಚರಿತ್ರೆಯ ದಫ್ತರವಾಗಿವೆ. ಟ್ರ್ಯಾಕ್ಟರು ಸಮಮಾಡಿದ ದಿಬ್ಬ, ಬಡಾವಣೆ ನುಂಗಿದ ಕೆರೆಯಂಗಳ ಅವುಗಳಲ್ಲಿ ಇನ್ನೂ ಉಳಿದಿರಬಹುದು.

ರಜನಿಯವರ ಗ್ರಂಥ ಇಂಗ್ಲಿಷಿನಲ್ಲಿದೆ. ವಿದ್ವಾಂಸರಿಗೆ ಅಷ್ಟು ಸಾಕು. ಆದರೆ ಹೂತ ಗೋಡೆಯನ್ನು ಉಳಿಸುವವನೂ ಅಳಿಸುವವನೂ ಆ ಹೊಲದ ಒಡೆಯ. ತನ್ನ ಜೋಳ ಒಂದು ಸಾಲಿನಲ್ಲಿ ಮಾತ್ರ ಏಕೆ ಬಾಡಿತೆಂಬುದನ್ನು ಅವನಿಗೆ ತಿಳಿಯಹೇಳುವ ಕನ್ನಡ ಪುಸ್ತಕವೊಂದು ಬರಲಿ. ನೇಗಿಲು ಹೂಡುವ ಮುನ್ನ ಅವನು ಒಂದು ಗಳಿಗೆ ನಿಂತು ನೋಡಿದರೆ, ಈ ವಿದ್ಯೆ ಸಾರ್ಥಕವಾದಂತೆ.