ಹತ್ತು ಸಲ ಬರೆದ ಪದ

ಕಾವ್ಯ, ಕಾದಂಬರಿಗಳ ವಿಮರ್ಶೆಗೆ ಮೀಸಲಾದ ಪುಟದಲ್ಲಿ ಪ್ರಾಥಮಿಕ ಶಾಲೆಯ ಕಾಪಿ ಪುಸ್ತಕದ ಮಾತೇಕೆ ಎಂದು ಕೆಲವು ವಾಚಕರಿಗೆ ಅನ್ನಿಸಬಹುದು. ಆದರೆ ನಾವು ಇಂದು ವಿಮರ್ಶಿಸುವ ಗ್ರಂಥಗಳನ್ನು ನಾಳೆ ಓದಬೇಕಾದವರು ಈಗ ಆ ಪುಸ್ತಕದ ಮೇಲೆ ಬಾಗಿ ಕುಳಿತಿದ್ದಾರೆ. ಅಲ್ಲದೆ, ಅದೂ ಒಂದು ಬರವಣಿಗೆಯೇ. ಮನೆಮನೆಯಲ್ಲಿಯೂ ಪ್ರತಿ ಸಂಜೆಯೂ ನಡೆಯುವ ಈ ಬರವಣಿಗೆಯನ್ನು ಯಾರೂ ಬರವಣಿಗೆಯೆಂದು ಓದಿ ನೋಡಿಲ್ಲ. ಒಮ್ಮೆ ಓದಿ ನೋಡುವುದರಲ್ಲಿ ತಪ್ಪಿಲ್ಲವಷ್ಟೆ.

ವಾರಕ್ಕೆ ಹತ್ತು ಪದಗಳು. ಒಂದೊಂದನ್ನೂ ಹತ್ತು ಸಲ ಬರೆದು ತರುವುದು. ವಾರದ ಕೊನೆಗೆ ಉಕ್ತಲೇಖನ. ಇದು ಅನೇಕ ಶಾಲೆಗಳಲ್ಲಿ ರೂಢಿಯಾದ ಕ್ರಮ. ಸೂರ್ಯ, ಪುಸ್ತಕ, ಚಿಹ್ನೆ, ಹಕ್ಕಿ, ಕೃಷಿ, ವಿದ್ಯಾರ್ಥಿ—ಇಂಥ ಪಟ್ಟಿಗಳಲ್ಲಿ ಒಂದು ಪದಕ್ಕೂ ನೆರೆಯ ಪದಕ್ಕೂ ಯಾವ ನಂಟೂ ಇರುವುದಿಲ್ಲ. ಸಂತೆಯಲ್ಲಿ ಕೂಡಿದ ಜನರಾದರೂ ಒಂದು ಕಾರಣಕ್ಕಾಗಿ ಕೂಡುತ್ತಾರೆ. ಈ ಪದಗಳಿಗೆ ಅಷ್ಟೂ ಕಾರಣವಿಲ್ಲ. ಇನ್ನು ಬರೆಯುವ ಬಗೆ. ‘ಸೂರ್ಯ’ ಎಂದು ಹತ್ತು ಸಲ ಬರೆಯಬೇಕಾದ ಹುಡುಗ ಮೊದಲು ಮೇಲಿನಿಂದ ಕೆಳಕ್ಕೆ ಹತ್ತು ‘ಸೂ’ ಬರೆಯುತ್ತಾನೆ. ಆಮೇಲೆ ಹತ್ತು ‘ಯ’. ಕೊನೆಗೆ ಹತ್ತು ಅರ್ಕಾವೊತ್ತು. ಕೆಲಸ ಬೇಗ ಮುಗಿಯುತ್ತದೆ, ಸಾಲು ಓರಣವಾಗಿರುತ್ತದೆ. ಆದರೆ ಸೂರ್ಯನೆಂಬ ಪದ ಅವನ ಬಾಯಲ್ಲಾಗಲಿ ಮನಸ್ಸಿನಲ್ಲಾಗಲಿ ಒಂದು ಸಲವೂ ಮೂಡಿರುವುದಿಲ್ಲ. ಅವನ ಪಾಲಿಗೆ ಅದು ಮೂರು ಕಂಬಗಳ ಚಪ್ಪರ.

ಹಿಂದಿನ ಕೂಲಿಮಠಗಳನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಲ್ಲಿನ ಬೆತ್ತವನ್ನು ನೆನೆದರೆ ಹೊಗಳಿಕೆ ಗಂಟಲಲ್ಲೇ ನಿಲ್ಲುತ್ತದೆ. ಆದರೂ ಒಂದು ಮಾತನ್ನು ಒಪ್ಪಬೇಕು: ಮರಳ ಮೇಲೆ ಅಕ್ಷರ ತಿದ್ದುವ ಹುಡುಗ ಅದನ್ನು ಗಟ್ಟಿಯಾಗಿ ಹೇಳುತ್ತ ತಿದ್ದುತ್ತಿದ್ದ. ಕಿವಿ, ನಾಲಗೆ, ಬೆರಳು ಮೂರೂ ಕೂಡಿ ದುಡಿಯುತ್ತಿದ್ದವು. ಇಂದಿನ ಮನೆಪಾಠದಲ್ಲಿ ಬೆರಳೊಂದೇ ದುಡಿಯುತ್ತದೆ. ಕೈ ಪಳಗಲು ತಿದ್ದುವುದು ಬೇಕು, ನಿಜ. ಆದರೆ ಅಕ್ಷರ ದುಂಡಾಗುವುದು ಬೇರೆ, ಮಾತು ತಿಳಿಯುವುದು ಬೇರೆ.

ಈ ಪಟ್ಟಿಯ ಪದ್ಧತಿ ಇಂಗ್ಲಿಷ್ ಪಾಠಶಾಲೆಗೆ ಒಪ್ಪುವಂಥದು. ಇಂಗ್ಲಿಷಿನ ಬರಹಕ್ಕೂ ಉಚ್ಚಾರಕ್ಕೂ ನಡುವೆ ಬಹಳ ದೂರ. ಅಲ್ಲಿ ಕಿವಿಯನ್ನು ನಂಬಿ ಬರೆದವನು ಕೆಟ್ಟ. ಆದ್ದರಿಂದ ಅಲ್ಲಿನ ಮಕ್ಕಳು ಪದದ ಅಕ್ಷರಗಳನ್ನು ಉರುಹೊಡೆಯಬೇಕಾಗುತ್ತದೆ. ‘ಸ್ಪೆಲಿಂಗ್’ ಎಂಬುದಕ್ಕೆ ನಾವು ‘ಕಾಗುಣಿತ’ ಎನ್ನುತ್ತೇವೆ. ಆದರೆ ಕಾಗುಣಿತವೆಂದರೆ ಮೂಲತಃ ಪದಗಳ ಪಟ್ಟಿಯಲ್ಲ. ಕಕಾರವನ್ನು ಸ್ವರಗಳೊಡನೆ ಗುಣಿಸುವ ಒಂದು ಲೆಕ್ಕ. ಕ, ಕಾ, ಕಿ, ಕೀ ಎಂದು ಒಮ್ಮೆ ಲೆಕ್ಕ ತಿಳಿದವನು ಕೇಳದ ಪದವನ್ನೂ ಬರೆಯಬಲ್ಲ, ಕಾಣದ ಪದವನ್ನೂ ಓದಬಲ್ಲ. ಇಂಥ ಲಿಪಿಯುಳ್ಳ ನಾವು ಪರರ ಕಷ್ಟಕ್ಕೆ ಹುಟ್ಟಿದ ಮದ್ದನ್ನು ನಮ್ಮ ಮಕ್ಕಳಿಗೆ ಕುಡಿಸುತ್ತಿದ್ದೇವೆ.

ಹಾಗಾದರೆ ಕನ್ನಡದ ಮಗು ತಪ್ಪುವುದೇ ಇಲ್ಲವೆ? ಧಾರಾಳವಾಗಿ ತಪ್ಪುತ್ತದೆ. ಆದರೆ ಅದರ ತಪ್ಪುಗಳಿಗೆ ಗೊತ್ತಾದ ತಾಣಗಳಿವೆ. ಕೆಲವು ಲಿಪಿಯ ತೊಡಕುಗಳು. ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ನುಡಿದು ಕೊನೆಗೆ ಬರೆಯುತ್ತೇವೆ. ಕಿವಿಗೆ ಬಿದ್ದ ಕ್ರಮದಲ್ಲಿ ರಕಾರ ಬರೆದು ಅದರಡಿಯಲ್ಲಿ ಯಕಾರದ ಒತ್ತು ಕೊಟ್ಟ ಹುಡುಗನಿಗೆ ಕೆಂಪು ಗೀಟು ಎಳೆಯುವವರುಂಟು. ‘ಪುಸ್ತಕ’ದಲ್ಲಿ ಸಕಾರ ಮೇಲೆ, ತಕಾರ ಕೆಳಗೆ ಎಂದು ಕಲಿಸಿದವರೂ ಅವರೇ! ಇನ್ನು ಕೆಲವು ನುಡಿಸುವವರಿಂದಲೇ ಬಂದ ತಪ್ಪುಗಳು. ‘ಚಿನ್ಹೆ’ ಎಂದು ಬಾಯಿಂದ ಹೇಳಿ ‘ಚಿಹ್ನೆ’ ಎಂದು ಬರೆಯಲಿಲ್ಲವೇಕೆಂದು ಕೇಳುವುದು ನ್ಯಾಯವಲ್ಲ.

ಮೂರನೆಯ ಬಗೆಯ ತಪ್ಪು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಅದು ಮಗುವಿನ ಮನೆಯಿಂದ ಬಂದದ್ದು. ಹಳೆಯ ಮೈಸೂರು ಸೀಮೆಯ ಅನೇಕ ಹಳ್ಳಿಗಳಲ್ಲಿ ಹಕಾರ ನಾಲಗೆಯ ಮೇಲೆ ನಿಲ್ಲುವುದಿಲ್ಲ. ಅಲ್ಲಿನ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆಯುತ್ತದೆ. ಹತ್ತನೆಯ ಶತಮಾನದ ಪಂಪನಿಗೆ ಅದು ‘ಪಾಲ್’, ನಮಗೆ ‘ಹಾಲು’. ಪಕಾರ ಹಕಾರವಾದುದನ್ನು ಭಾಷೆಯ ಬೆಳವಣಿಗೆಯೆಂದು ಕಾಲೇಜಿನಲ್ಲಿ ಪಾಠ ಹೇಳುವ ನಾವು, ಹಕಾರ ಉದುರಿದುದನ್ನು ಶಾಲೆಯಲ್ಲಿ ದಡ್ಡತನವೆನ್ನುತ್ತೇವೆ. ಮಗು ತನ್ನ ತಾಯಿಯ ಮಾತನ್ನು ತಪ್ಪಿಲ್ಲದೆ ಬರೆದಿದೆ. ಅದರ ಮೇಲೆ ಎಳೆದ ಕೆಂಪು ಗೀಟು ಪುಸ್ತಕದಲ್ಲಿ ನಿಲ್ಲುವುದಿಲ್ಲ, ಮನೆಯವರೆಗೂ ಹೋಗುತ್ತದೆ. ಹೀಗೆ ಬೆದರಿದ ಮಗು ಮುಂದೆ ‘ಅಕ್ಕಿ’ಯನ್ನೂ ‘ಹಕ್ಕಿ’ ಮಾಡುತ್ತದೆ. ‘ಒಂಬತ್ತು’ ಎಂಬ ಅಚ್ಚಗನ್ನಡ ಪದವನ್ನು ‘ಒಂಭತ್ತು’ ಎಂದೂ, ‘ವಿದ್ಯಾರ್ಥಿ’ಯನ್ನು ‘ವಿಧ್ಯಾರ್ಥಿ’ ಎಂದೂ ಬರೆಯುವ ದೊಡ್ಡವರಲ್ಲಿ ಕಾಣುವುದು ಅಜ್ಞಾನವಲ್ಲ. ಆ ಹಳೆಯ ಅಂಜಿಕೆ. ಪದವಿ ತರಗತಿಯ ಉತ್ತರ ಪತ್ರಿಕೆಗಳಲ್ಲಿಯೂ ನಾನು ಅದನ್ನು ಕಾಣುತ್ತೇನೆ. ಸಂದೇಹ ಬಂದಲ್ಲೆಲ್ಲ ಹೊಟ್ಟೆ ಸೀಳಿಬಿಟ್ಟರೆ ಕ್ಷೇಮವೆಂಬ ಭಾವನೆ!

ಈ ತೊಂದರೆಯನ್ನು ಬುಡದಲ್ಲಿಯೇ ಕತ್ತರಿಸಬೇಕೆಂದವರು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು. ನುಡಿಯಲ್ಲಿಲ್ಲದ ಮಹಾಪ್ರಾಣಗಳನ್ನು ಕನ್ನಡದ ಬರಹದಿಂದಲೇ ಬಿಡಬೇಕೆಂದು ಅವರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಗ್ರಂಥದಲ್ಲಿ ವಾದಿಸಿದರು. ಅವರ ನಿದಾನವನ್ನು ನಾನು ಒಪ್ಪುತ್ತೇನೆ, ಚಿಕಿತ್ಸೆಯನ್ನು ಒಪ್ಪಲಾರೆ. ಅಕ್ಷರಗಳನ್ನು ಬಿಟ್ಟರೆ ಇಂದಿನ ಮಗುವಿಗೆ ಸುಲಭವಾದೀತು. ಆದರೆ ನಿನ್ನೆಯವರೆಗೆ ಅಚ್ಚಾದ ಪುಸ್ತಕಗಳೆಲ್ಲ ಅದಕ್ಕೆ ಪರಕೀಯವಾದಾವು. ನಮ್ಮ ವೈಯಾಕರಣರೇ ತೋರಿಸಿದ ಇನ್ನೊಂದು ದಾರಿಯುಂಟು. ಹದಿಮೂರನೆಯ ಶತಮಾನದ ಕೇಶಿರಾಜನ ವೇಳೆಗೆ ‘ೞ’ ಎಂಬ ಅಕ್ಷರದ ಉಚ್ಚಾರ ಜನರ ಬಾಯಲ್ಲಿ ಅಳಿಯುತ್ತಿತ್ತು. ಕಿವಿಯನ್ನು ನಂಬಿ ಅದನ್ನು ಬರೆಯುವಂತಿರಲಿಲ್ಲ. ಆಗ ಅವನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿಕೊಟ್ಟ. ಕಿವಿ ಸಾಲದೆ ಹೋದ ಕಡೆ ಮಾತ್ರ ಪಟ್ಟಿ. ಉಳಿದೆಡೆ ಕಿವಿಯೇ ಪ್ರಮಾಣ. ಶಾಲೆಯ ಪಟ್ಟಿಗೂ ಇದೇ ನಿಯಮ ಸಾಕು. ಮಹಾಪ್ರಾಣದ ಪದಗಳು, ಶಕಾರ ಷಕಾರಗಳು, ಋಕಾರ—ಇವು ಮಾತ್ರ ಪಟ್ಟಿಯಲ್ಲಿರಲಿ. ಅವೂ ವಾಕ್ಯದೊಳಗೆ, ಅರ್ಥದೊಡನೆ, ಮಗು ಓದಲು ಕಲಿತ ಮೇಲೆ ಬರಲಿ.

ತರಗತಿಯ ಒಳಗೆ ಇಂಥ ವಿವೇಕ ಕಂಡಿಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿಕಲಿ ಪದ್ಧತಿ ಅಕ್ಷರಮಾಲೆಯ ಕ್ರಮವನ್ನೇ ಬಿಟ್ಟು ‘ರ, ಗ, ಸ, ದ, ಅ’ ಎಂದು ಆರಂಭಿಸಿತು. ಈ ಐದೇ ಅಕ್ಷರ ಬಂದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಮಗು ಮೊದಲಲ್ಲಿಯೇ ಪದ ಕಟ್ಟಬಲ್ಲದು. ಬರೆದದ್ದು ಮಾತಾಗುತ್ತದೆ, ಮಾತು ಬರಹವಾಗುತ್ತದೆ. ಕಾರ್ಡುಗಳ ಎಣಿಕೆ, ದಾಖಲೆ ಇಡುವ ಹೊರೆ ಉಪಾಧ್ಯಾಯರನ್ನು ದಣಿಸುತ್ತವೆಂಬ ದೂರು ಸುಳ್ಳಲ್ಲ. ಆದರೆ ನನಗೆ ಖೇದವಾಗುವುದು ಬೇರೆ ಕಾರಣಕ್ಕೆ: ಮೂರನೆಯ ತರಗತಿಯವರೆಗೆ ಹೀಗೆ ನಲಿದು ಕಲಿತ ಮಗು ನಾಲ್ಕಕ್ಕೆ ಬಂದೊಡನೆ ಎಷ್ಟೋ ಕಡೆ ಅದೇ ಹತ್ತು ಪದ, ಹತ್ತು ಸಲದ ಕಣಜಕ್ಕೆ ಬೀಳುತ್ತದೆ.

ಹೊರೆ ಹೆಚ್ಚಾಯಿತೆಂಬ ಕೂಗು ಹೊಸದಲ್ಲ. 1993ರಲ್ಲಿಯೇ ಪ್ರೊ. ಯಶಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆಯ ಮಾತನ್ನಾಡಿತು. ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿಯು ಎರಡನೆಯ ತರಗತಿಯವರೆಗೆ ಮನೆಗೆಲಸವೇ ಬೇಡವೆಂದಿತು. ಮೂರರಿಂದ ಐದರವರೆಗೆ ವಾರಕ್ಕೆ 2 ಗಂಟೆ ಮೀರಬಾರದೆಂದಿತು. ಒಳ್ಳೆಯ ಮಾತೇ. ಆದರೆ ಗಡಿಯಾರ ನೋಡಿ ಕೆಲಸವನ್ನು ಕಡಿಮೆ ಮಾಡಬಹುದೇ ಹೊರತು ಅದಕ್ಕೆ ಅರ್ಥ ತುಂಬಲಾಗದು.

ಅರ್ಥ ಎಲ್ಲಿಂದ ಬರಬೇಕು? ‘ಮನೆಗೆಲಸ’ ಎಂಬ ನಮ್ಮ ಪದದಲ್ಲಿಯೇ ಅದಿದೆ. ಕನ್ನಡದಲ್ಲಿ ಆ ಪದಕ್ಕೆ ಮನೆಯ ಕೆಲಸವೆಂದೇ ಅರ್ಥ. ಶಾಲೆಯ ಕೆಲಸವನ್ನು ಮನೆಯಲ್ಲಿ ಮಾಡುವುದೆಂದಲ್ಲ. ಅಡುಗೆಮನೆಯ ಹತ್ತು ಪಾತ್ರೆಗಳ ಹೆಸರನ್ನು ಅಜ್ಜಿಯಿಂದ ಕೇಳಿ ಬರೆದು ತರಲಿ. ಅಪ್ಪ ಹೊಲದಲ್ಲಿ, ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಬಳಸುವ ಐದು ಮಾತುಗಳನ್ನು ತರಲಿ. ಮರುದಿನ ತರಗತಿಯಲ್ಲಿ ಒಂದು ಮಗು ಓದಲಿ, ಇನ್ನೊಂದು ಬರೆಯಲಿ. ‘ಆಲು’ ಎಂದು ಬಂದರೆ ಅದನ್ನು ಅಳಿಸದೆ ಪಕ್ಕದಲ್ಲಿ ‘ಹಾಲು’ ಎಂದು ಬರೆದು, ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ ಎಂದು ಉಪಾಧ್ಯಾಯರು ಹೇಳಲಿ. ಅಷ್ಟರಿಂದಲೇ ಮಗುವಿಗೆ ಎರಡು ಕನ್ನಡಗಳು ಕೈಗೆ ಬರುತ್ತವೆ, ಒಂದೂ ಕಳೆದುಹೋಗುವುದಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಇದು ಕಷ್ಟವೆಂದು ಬಲ್ಲೆ. ನಲವತ್ತು ಕಾಪಿ ಪುಸ್ತಕಗಳಿಗೆ ರುಜು ಹಾಕುವುದಕ್ಕಿಂತ ಕಷ್ಟವಲ್ಲ.

ಪಂಜೆ ಮಂಗೇಶರಾಯರು ಶಾಲೆಗಳ ತನಿಖಾಧಿಕಾರಿಯಾಗಿದ್ದುಕೊಂಡೇ ಮಕ್ಕಳ ನಾಲಗೆಗೆ ಒಗ್ಗುವ ಹಾಡುಗಳನ್ನು ಬರೆದರು; ಜಿ. ಪಿ. ರಾಜರತ್ನಂ ‘ತುತ್ತೂರಿ’ಯನ್ನು ಕೊಟ್ಟರು. ಆ ಒಂದು ಪದದಲ್ಲಿ ಕೊಂಬೂ ಉಂಟು, ಒತ್ತೂ ಉಂಟು, ದೀರ್ಘವೂ ಉಂಟು. ಅದನ್ನು ಹಾಡಿ ಬಲ್ಲ ಮಗುವಿಗೆ ಒಂದು ಸಲ ಬರೆದರೆ ಸಾಕು. ಪ್ರಾಥಮಿಕ ಶಾಲೆಯ ಭಾಷೆ ಸಾಹಿತಿಗಳ ಹೊಣೆಯೆಂದು ಆ ತಲೆಮಾರು ತಿಳಿದಿತ್ತು. ನಾವು ಅದನ್ನು ಇಲಾಖೆಗೂ ಕಾಪಿ ಪುಸ್ತಕದ ಮುದ್ರಕರಿಗೂ ಬಿಟ್ಟುಕೊಟ್ಟು, ಕನ್ನಡಕ್ಕೆ ಓದುಗರು ಕಡಿಮೆಯಾದರೆಂದು ಸಭೆಗಳಲ್ಲಿ ಮರುಗುತ್ತಿದ್ದೇವೆ.