ಎಮ್ಮಿಯ ಅನುರಾಗ

ವಯಸ್ಸು ಕಳೆದವರ ಪ್ರಣಯವು ಕಾವ್ಯಕ್ಕೆ ತಕ್ಕ ವಸ್ತುವಲ್ಲವೆಂಬ ಭಾವನೆ ಬಹು ಪುರಾತನವಾದುದು. ನಮ್ಮ ಆಲಂಕಾರಿಕರು ಅನೌಚಿತ್ಯವೇ ರಸಭಂಗದ ಮೂಲವೆಂದು ಬಗೆದು, ಸಲ್ಲದ ಆಶ್ರಯದಲ್ಲಿ ತೋರಿದ ಶೃಂಗಾರವನ್ನು ರಸಾಭಾಸವೆಂದು ಕರೆದರು. ಪ್ರಹಸನಕಾರರು ಎಳೆಯ ಹುಡುಗಿಯನ್ನು ವರಿಸಹೊರಟ ಮುದುಕನನ್ನು ರಂಗಕ್ಕೆ ತಂದು ಸಭಿಕರನ್ನು ನಗಿಸಿದರು. ಪುರಾಣವು ಮಗನ ಯೌವನವನ್ನು ಬೇಡಿ ಪಡೆದ ಯಯಾತಿಯನ್ನು ತೃಪ್ತಿಯಿಲ್ಲದ ಕಾಮಕ್ಕೆ ದೃಷ್ಟಾಂತವಾಗಿ ನಿಲ್ಲಿಸಿತು. ಈ ಮುದಿ ಪ್ರಣಯಿಗಳೆಲ್ಲರೂ ಗಂಡಸರೆಂಬುದನ್ನು ಗಮನಿಸಬೇಕು. ಮುಪ್ಪಿನ ಹೆಂಗಸಿಗೂ ಬಯಕೆಯುಂಟೆಂದು, ನಗುವುದಕ್ಕಾಗಿಯಾದರೂ, ಒಪ್ಪಿಕೊಂಡ ಕೃತಿಗಳು ವಿರಳ. ಒಪ್ಪಿಕೊಂಡವುಗಳಲ್ಲಿಯೂ ಅನೇಕವು ಅವಳನ್ನು ಮರುಕಕ್ಕೆ ಪಾತ್ರಳನ್ನಾಗಿ ಮಾಡಿ, ತಮ್ಮ ಔದಾರ್ಯವನ್ನು ತಾವೇ ಮೆಚ್ಚಿಕೊಂಡು ಸುಮ್ಮನಾಗುತ್ತವೆ. ಹೀಗಿರುವಾಗ ಆಕೆಗೆ ಪ್ರೇಮದ ಅಧಿಕಾರವನ್ನು ಕೊಟ್ಟು, ಅದರೊಡನೆಯೇ ಪ್ರೇಮಿಯು ಮಾಡಬಹುದಾದ ಅಪರಾಧದ ಹೊಣೆಯನ್ನೂ ಹೊರಿಸಿದ ಒಂದು ಚಲಚ್ಚಿತ್ರವು ಅರ್ಧ ಶತಮಾನ ಕಳೆದ ಮೇಲೆಯೂ ಹಳತಾಗದೆ ಉಳಿದಿರುವುದಕ್ಕೆ ಕಾರಣವೇನೆಂದು ವಿಚಾರಿಸುವುದು ಉಚಿತವಾಗಿದೆ.

ಪಶ್ಚಿಮ ಜರ್ಮನಿಯ ರೈನರ್ ವರ್ನರ್ ಫಾಸ್‌ಬಿಂಡರನು 1974ರಲ್ಲಿ ತೆರೆಗೆ ತಂದ ‘ಆಲಿ: ಫಿಯರ್ ಈಟ್ಸ್ ದ ಸೋಲ್’ ಎಂಬ ಈ ಚಿತ್ರವು ಆ ವರ್ಷದ ಕಾನ್ ಉತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪುರಸ್ಕಾರವನ್ನು ಪಡೆಯಿತು. ಇನ್ನೂ ಮೂವತ್ತು ತುಂಬದ ನಿರ್ದೇಶಕನು ಎರಡು ದೊಡ್ಡ ಕೆಲಸಗಳ ನಡುವಣ ಬಿಡುವಿನಲ್ಲಿ, ಸುಮಾರು ಹದಿನೈದು ದಿನಗಳಲ್ಲಿ, ಅಲ್ಪವೆಚ್ಚದಲ್ಲಿ ಇದನ್ನು ಚಿತ್ರೀಕರಿಸಿ ಮುಗಿಸಿದನೆಂಬುದನ್ನು ನೆನೆದರೆ ಆಶ್ಚರ್ಯವೆನಿಸುತ್ತದೆ. ಕಥೆ ನಡೆಯುವುದು ಮ್ಯೂನಿಕ್ ನಗರದಲ್ಲಿ. ಅರವತ್ತರ ಆಸುಪಾಸಿನ ವಿಧವೆ ಎಮ್ಮಿ ಕುರೋವ್ಸ್ಕಿ ಕಚೇರಿಗಳಲ್ಲಿ ಕಸ ಗುಡಿಸಿ ನೆಲ ಒರಸಿ ಜೀವಿಸುವವಳು. ಮೂವರು ಮಕ್ಕಳು ಬೇರೆ ಬೇರೆ ಮನೆ ಹೂಡಿದ್ದಾರೆ. ಮಳೆಯ ಒಂದು ಸಂಜೆ, ಒಳಗಿನಿಂದ ಕೇಳಿಬಂದ ಅಪರಿಚಿತ ಸಂಗೀತಕ್ಕೆ ಮನಸೋತು, ಅರಬ್ಬೀ ಕಾರ್ಮಿಕರು ಸೇರುವ ಪಾನಗೃಹವೊಂದರೊಳಕ್ಕೆ ಆಕೆ ಕಾಲಿಡುತ್ತಾಳೆ. ಅವಳಿಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಚಿಕ್ಕವನಾದ, ಮೊರಾಕೊದಿಂದ ಬಂದು ಮೋಟಾರು ದುರಸ್ತಿಯ ಕಾರ್ಖಾನೆಯೊಂದರಲ್ಲಿ ದುಡಿಯುವ ಆಲಿಯನ್ನು, ಅಲ್ಲಿಯ ಹೆಂಗಸೊಬ್ಬಳು ಆ ಮುದುಕಿಯೊಡನೆ ಕುಣಿದು ಬಾ ಎಂದು ಕೆಣಕಿ ಕಳುಹಿಸುತ್ತಾಳೆ. ಕುಚೋದ್ಯವಾಗಿ ತೊಡಗಿದುದು ಕುಣಿತ ಮುಗಿಯುವಷ್ಟರಲ್ಲಿಯೇ ಬೇರೊಂದು ವಸ್ತುವಾಗಿ ಪರಿಣಮಿಸುತ್ತದೆ. ಅವನು ಆಕೆಯನ್ನು ಮನೆಯ ತನಕ ಬಿಟ್ಟುಬರಲು ಹೋಗಿ, ಕಾಫಿಗಾಗಿ ನಿಂತು, ರಾತ್ರಿ ಅಲ್ಲಿಯೇ ಉಳಿಯುತ್ತಾನೆ.

ಆ ರಾತ್ರಿಯ ಪ್ರಸಂಗವನ್ನು ನಿರ್ದೇಶಕನು ನಿರ್ವಹಿಸಿದ ರೀತಿಯು ವಿಶೇಷ ಪರಿಶೀಲನೆಗೆ ಅರ್ಹವಾದುದು. ನಿದ್ರೆಬಾರದೆ ಎದ್ದುಬಂದ ಆಲಿಯು ಆಕೆಯ ಹಾಸಿಗೆಯ ಅಂಚಿನಲ್ಲಿ ಕುಳಿತು ಮಾತನಾಡುತ್ತ ಮಾತನಾಡುತ್ತ ಅವಳ ತೋಳನ್ನು ಸವರುತ್ತಾನೆ, ಅಷ್ಟೆ. ಸಂಗೀತದ ಒತ್ತಾಸೆಯಿಲ್ಲ, ಮುಪ್ಪನ್ನು ಮರೆಮಾಡುವ ಬೆಳಕಿನ ಉಪಾಯವಿಲ್ಲ. ಮರುದಿನ ಬೆಳಗ್ಗೆ ಎಮ್ಮಿ ಕನ್ನಡಿಯ ಮುಂದೆ ನಿಂತು ತನ್ನ ಮುಖವನ್ನು ನೋಡಿಕೊಳ್ಳುವಾಗ ನಟಿ ಬ್ರಿಗಿಟೆ ಮಿರಾ ಅವರು ತೋರುವ ಭಾವವನ್ನು ನಾಚಿಕೆಯೆನ್ನುವುದೊ, ಹೆಮ್ಮೆಯೆನ್ನುವುದೊ, ತನ್ನ ದೇಹವು ಇನ್ನೂ ತನ್ನದಾಗಿಯೇ ಇದೆಯೆಂಬ ವಿಸ್ಮಯವೆನ್ನುವುದೊ, ಬಲ್ಲವರು ಹೇಳಬೇಕು. ಗೀತನಾಟಕ ಮತ್ತು ವಿನೋದರಂಗಗಳಲ್ಲಿ ಹೆಸರು ಮಾಡಿದ್ದ ಈ ನಟಿಗೆ ಆಗ ಅರವತ್ತಮೂರು ವಯಸ್ಸು. ಆ ಮುಖದ ಮೇಲಿನ ಒಂದೊಂದು ಸುಕ್ಕೂ ಅಭಿನಯಕ್ಕೆ ಒದಗಿಬಂದಿದೆ.

ಈ ವಯಸ್ಸಿನ ಮಾತು ಸಣ್ಣದಲ್ಲ. ಫಾಸ್‌ಬಿಂಡರನಿಗೆ ಪ್ರೇರಣೆಯಾದುದು ಹಾಲಿವುಡ್ಡಿನಲ್ಲಿ ಡಗ್ಲಸ್ ಸರ್ಕ್ ಎಂಬಾತನು 1955ರಲ್ಲಿ ನಿರ್ದೇಶಿಸಿದ ‘ಆಲ್ ದಟ್ ಹೆವನ್ ಅಲೌಸ್’. ಅದರಲ್ಲಿ ಶ್ರೀಮಂತ ವಿಧವೆಯೊಬ್ಬಳು ತನ್ನ ತೋಟದ ಕೆಲಸಕ್ಕೆ ಬರುವ ಯುವಕನನ್ನು ಪ್ರೀತಿಸಿ ಊರ ಬಾಯಿಗೆ ಬೀಳುತ್ತಾಳೆ. ಸರ್ಕನ ಚಿತ್ರವು ಸುಂದರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಯಿಕೆಯಾದ ಜೇನ್ ವೈಮನ್ ಅವರಿಗೆ ಆಗ ಮೂವತ್ತೆಂಟು, ನಾಯಕ ರಾಕ್ ಹಡ್ಸನ್ ಅವರಿಗೆ ಇಪ್ಪತ್ತೊಂಬತ್ತು. ಅಲ್ಲಿ ಊರು ಆಡಿಕೊಳ್ಳುವ ಅಂತರವು ಪ್ರೇಕ್ಷಕನ ಕಣ್ಣಿಗೆ ಅಂತರವೆಂದೇ ತೋರುವುದಿಲ್ಲವಾಗಿ, ನಾವು ಪ್ರಯಾಸವಿಲ್ಲದೆ ಪ್ರೇಮಿಗಳ ಪಕ್ಷವನ್ನು ವಹಿಸುತ್ತೇವೆ. ಫಾಸ್‌ಬಿಂಡರನು ಈ ಸೌಲಭ್ಯವನ್ನು ನಮಗೆ ನಿರಾಕರಿಸಿದ್ದಾನೆ. ಸರ್ಕನ ವಿಧವೆಗೆ ಮಕ್ಕಳು ಒಂಟಿತನದ ಪರಿಹಾರವೆಂದು ದೂರದರ್ಶನ ಯಂತ್ರವೊಂದನ್ನು ತಂದೊಪ್ಪಿಸುತ್ತಾರೆ. ಎಮ್ಮಿಯ ಮಗನಾದರೋ ತಾಯಿಯು ಆಲಿಯನ್ನು ಮದುವೆಯಾದ ಸುದ್ದಿ ಕೇಳಿದೊಡನೆ ಅವಳ ಮನೆಯ ಯಂತ್ರವನ್ನು ಒದ್ದು ಒಡೆಯುತ್ತಾನೆ.

ಮದುವೆಯ ಬಳಿಕ ಬರುವ ಸಾಮಾಜಿಕ ಬಹಿಷ್ಕಾರದ ಭಾಗವು ಪ್ರಸಿದ್ಧವಾಗಿರುವುದರಿಂದ ವಿಸ್ತರಿಸಬೇಕಾದುದಿಲ್ಲ. 1972ರ ಒಲಿಂಪಿಕ್ ಕ್ರೀಡೆಗಳ ಸಮಯದಲ್ಲಿ ಅರಬ್ಬೀ ಉಗ್ರಗಾಮಿಗಳು ನಡೆಸಿದ ರಕ್ತಪಾತವು ಅದೇ ನಗರದಲ್ಲಿ ಅರಬ್ಬರನ್ನು ಕುರಿತ ಸಂಶಯವನ್ನು ಬಿತ್ತಿತ್ತು. 1973ರ ನವೆಂಬರಿನಲ್ಲಿ ಸರ್ಕಾರವು ಹೊರದೇಶಗಳಿಂದ ಕೂಲಿಗಾರರನ್ನು ತರಿಸಿಕೊಳ್ಳುವುದನ್ನೇ ನಿಲ್ಲಿಸಿತು. ಅಂಗಡಿಯವನು ಆಲಿಯ ಭಾಷೆ ತನಗೆ ತಿಳಿಯದೆಂದು ನಟಿಸುತ್ತಾನೆ, ನೆರೆಯವರು ಮೆಟ್ಟಿಲ ಬಳಿ ಪಿಸುಗುಟ್ಟುತ್ತಾರೆ, ಜೊತೆಯ ಕೆಲಸದ ಹೆಂಗಸರು ಎಮ್ಮಿಯ ಮಗ್ಗುಲಿನಿಂದ ಎದ್ದುಹೋಗುತ್ತಾರೆ. ಛಾಯಾಗ್ರಾಹಕ ಯುರ್ಗೆನ್ ಯುರ್ಗೆಸ್ ಇಬ್ಬರನ್ನೂ ಮತ್ತೆ ಮತ್ತೆ ಬಾಗಿಲ ಚೌಕಟ್ಟುಗಳೊಳಗೆ ನಿಲ್ಲಿಸಿ, ಲೋಕವು ಅವರಿಗೆ ಬಿಟ್ಟುಕೊಟ್ಟ ಸ್ಥಳವೆಷ್ಟೆಂಬುದನ್ನು ಅಳೆದು ತೋರಿಸಿದ್ದಾನೆ. ಉಪಾಹಾರಗೃಹವೊಂದರ ಹಳದಿ ಕುರ್ಚಿಗಳ ನಡುವೆ, ದೂರದಲ್ಲಿ ಸಾಲಾಗಿ ನಿಂತ ಪರಿಚಾರಕರ ನಿಶ್ಚಲ ದೃಷ್ಟಿಗೆ ಗುರಿಯಾಗಿ ಎಮ್ಮಿ ಅಳುವ ದೃಶ್ಯವನ್ನು ಕಂಡವರು ಮರೆಯಲಾರರು.

ಇಲ್ಲಿಗೆ ಮುಗಿದಿದ್ದರೆ ಇದೊಂದು ಉತ್ತಮ ಅನುಕಂಪದ ಚಿತ್ರವಾಗಿ ನಿಲ್ಲುತ್ತಿತ್ತು. ಇದರ ಮಹತ್ತ್ವವು ಉತ್ತರಾರ್ಧದಲ್ಲಿದೆ. ದಂಪತಿಗಳು ಪ್ರವಾಸ ಹೋಗಿ ಹಿಂದಿರುಗಿದಾಗ ಊರು ಮೃದುವಾಗಿರುತ್ತದೆ; ಅಂಗಡಿಯವನಿಗೆ ಗಿರಾಕಿ ಬೇಕು, ಮಗನಿಗೆ ಕೂಸನ್ನು ನೋಡಿಕೊಳ್ಳುವವರು ಬೇಕು, ನೆರೆಯವಳಿಗೆ ನೆಲಮಾಳಿಗೆಯಲ್ಲಿ ಸಾಮಾನಿಡಲು ಜಾಗ ಬೇಕು. ಹೊರಗಿನ ಒತ್ತಡವು ಸಡಿಲವಾದೊಡನೆ ಒಳಗಿನ ಬಿರುಕು ತೆರೆದುಕೊಳ್ಳುತ್ತದೆ. ಮನೆಗೆ ಬಂದ ಗೆಳತಿಯರ ಮುಂದೆ ಎಮ್ಮಿ ಗಂಡನನ್ನು ನಿಲ್ಲಿಸಿ ಅವನ ತೋಳಿನ ಮಾಂಸಖಂಡಗಳನ್ನು ಮುಟ್ಟಿ ನೋಡಿರೆಂದು ಆಹ್ವಾನಿಸುತ್ತಾಳೆ. ಸಂತೆಯಲ್ಲಿ ಎತ್ತಿನ ಮೈದಡವುವಂತೆ ಅವರು ತಡವಿ ನೋಡುತ್ತಾರೆ. ಅವನು ಮುನಿದು ಹೊರಟಾಗ, ಪರದೇಶದವರ ಮನೋಧರ್ಮವೇ ಹಾಗೆಂದು ಆಕೆ ಸಮಾಧಾನ ಹೇಳುತ್ತಾಳೆ. ತನ್ನ ನಾಡಿನ ಕೂಸ್‌ಕೂಸ್ ಊಟವನ್ನು ಅವನು ಬಯಸಿದರೆ, ಇಲ್ಲಿಯ ರೀತಿಗೆ ಹೊಂದಿಕೊಳ್ಳಬೇಕೆಂದು ಬುದ್ಧಿ ಹೇಳುತ್ತಾಳೆ. ಯುಗೊಸ್ಲಾವಿಯದಿಂದ ಕಡಿಮೆ ಸಂಬಳಕ್ಕೆ ಬಂದ ಯೊಲಾಂಡಾ ಎಂಬ ಹುಡುಗಿಯನ್ನು ಹೊರಗಿಡುವಾಗ ಎಮ್ಮಿಯೂ ಜೊತೆಯ ಕೆಲಸದ ಹೆಂಗಸರ ಗುಂಪಿನಲ್ಲಿದ್ದಾಳೆ. ಹಿಂದೆ ಎಮ್ಮಿಯನ್ನು ಕಟಕಟೆಯ ಸರಳುಗಳ ಸಂದಿನಿಂದ ನೋಡಿದ ಅದೇ ಮೆಟ್ಟಿಲಿನಲ್ಲಿ, ಅದೇ ಕೋನದಿಂದ, ಈಗ ಆ ಹುಡುಗಿ ಏಕಾಕಿನಿಯಾಗಿ ಕುಳಿತಿರುವುದನ್ನು ಕ್ಯಾಮೆರಾ ನೋಡುತ್ತದೆ.

ಇದು ಆಕಸ್ಮಿಕವಾದ ಪತನವಲ್ಲ. ತಾನು ಹಿಟ್ಲರನ ಪಕ್ಷದಲ್ಲಿದ್ದುದನ್ನು, ಆಗ ಎಲ್ಲರೂ ಇದ್ದರಲ್ಲವೆ ಎಂಬ ಸಹಜತೆಯಿಂದ, ಆಕೆ ಮೊದಲೇ ತಿಳಿಸಿರುತ್ತಾಳೆ. ಮದುವೆಯ ದಿನದ ಭೋಜನಕ್ಕೆ ಆರಿಸಿಕೊಂಡುದು ಹಿಟ್ಲರನು ಊಟಮಾಡುತ್ತಿದ್ದ ಹೋಟೆಲನ್ನು. ಒಳ್ಳೆಯ ಮುದುಕಿ, ಪಾಪದ ಮುದುಕಿ ಎಂದು ನಾವು ಕಟ್ಟಿಕೊಂಡ ಪ್ರತಿಮೆಯನ್ನು ಚಿತ್ರವು ನಿರ್ದಾಕ್ಷಿಣ್ಯವಾಗಿ ಕೆಡವುತ್ತದೆ, ಆದರೂ ಅವಳ ಪ್ರೇಮವನ್ನು ಅಲ್ಲಗಳೆಯುವುದಿಲ್ಲ. ಮುಪ್ಪು ಮನುಷ್ಯನನ್ನು ಶುದ್ಧಗೊಳಿಸುತ್ತದೆಂದು ನಂಬುವುದೂ ಮುದುಕರನ್ನು ಮನುಷ್ಯರ ಸಾಲಿನಿಂದ ಹೊರಗಿಡುವ ಒಂದು ವಿಧಾನವೇ. ಬಯಸಬಲ್ಲವಳು ಸ್ವಾಮ್ಯವನ್ನೂ ಸಾಧಿಸಬಲ್ಲಳು, ನೋಯಿಸಲೂ ಬಲ್ಲಳು ಎಂದು ತೋರಿಸಿದಲ್ಲಿ ಫಾಸ್‌ಬಿಂಡರನು ಎಮ್ಮಿಗೆ ಸಲ್ಲಿಸಿರುವ ಗೌರವವು, ಅವಳನ್ನು ನಿರ್ದೋಷಿಯೆಂದು ಹಾಡಿಹೊಗಳಿದ್ದರೆ ಸಲ್ಲುತ್ತಿರಲಿಲ್ಲ. ಆದುದರಿಂದಲೇ ಕೊನೆಗೆ ಆಕೆ ಮತ್ತೆ ಪಾನಗೃಹಕ್ಕೆ ಬಂದು, ತನ್ನ ವಯಸ್ಸೆಷ್ಟೆಂಬುದು ತನಗೆ ತಿಳಿದಿದೆಯೆಂದೂ, ಆಲಿಯು ಸ್ವತಂತ್ರನೆಂದೂ, ಜೊತೆಯಲ್ಲಿರುವಷ್ಟು ಹೊತ್ತು ಪರಸ್ಪರ ಒಳ್ಳೆಯವರಾಗಿರೋಣವೆಂದೂ ಹೇಳುವ ಮಾತಿಗೆ ಭಾರ ಬಂದಿದೆ; ತಪ್ಪು ಮಾಡಿ ಅದನ್ನು ಕಂಡುಕೊಂಡವಳ ಮಾತದು.

ಚಿತ್ರದಲ್ಲಿ ನ್ಯೂನತೆಗಳಿಲ್ಲದಿಲ್ಲ. ಪ್ರವಾಸದ ನಂತರ ಊರವರೆಲ್ಲ ಒಬ್ಬರಾದ ಮೇಲೊಬ್ಬರು ಸ್ವಾರ್ಥಕ್ಕಾಗಿ ಮನಸ್ಸು ಬದಲಾಯಿಸುವ ಪರಿಯು ನೀತಿಕಥೆಯ ಗಣಿತವನ್ನು ಹೋಲುತ್ತದೆ, ಅದನ್ನಾದರೂ ಕ್ಷಮಿಸಬಹುದು. ಆಲಿಯ ವಿಷಯದಲ್ಲಿ ನನಗಿರುವ ಆಕ್ಷೇಪವು ಇದಕ್ಕಿಂತ ಆಳವಾದುದು. ನಟನಾದ ಎಲ್ ಹೆದಿ ಬೆನ್ ಸಲೇಮ್ ತನ್ನ ಸ್ವಂತ ದೀರ್ಘನಾಮವನ್ನೇ ಪಾತ್ರಕ್ಕೂ ಕೊಟ್ಟಿದ್ದಾನೆ; ಜನರು ಅದನ್ನು ತುಂಡರಿಸಿ ಆಲಿಯೆನ್ನುತ್ತಾರೆಂದು ಚಿತ್ರವೇ ದೂರುತ್ತದೆ. ಆದರೆ ಎಮ್ಮಿ ಸ್ನಾನದ ಮನೆಯಲ್ಲಿ ಅವನ ನಗ್ನದೇಹವನ್ನು ಕನ್ನಡಿಯಲ್ಲಿ ನೋಡಿ ಮೆಚ್ಚುವಾಗ ಕ್ಯಾಮೆರಾ ಅವಳ ಕಣ್ಣೇ ಆಗಿರುತ್ತದಲ್ಲದೆ, ಅವನ ಕಣ್ಣಾಗುವ ಸಂದರ್ಭಗಳು ತೀರ ಕಡಿಮೆ. ಎಮ್ಮಿಯಲ್ಲಿ ಅವನು ಕಂಡುದೇನು, ಅವಳ ಮೈಯ ಮುಪ್ಪು ಅವನಿಗೆ ಏನಾಗಿತ್ತು ಎಂಬ ಪ್ರಶ್ನೆಗಳಿಗೆ ಅವನ ದಯಾಗುಣವೊಂದೇ ಉತ್ತರವೆಂಬಂತೆ ಕಥೆ ಮುಂದೆ ಸಾಗುತ್ತದೆ. ಕಾರ್ಖಾನೆಗೆ ಹುಡುಕಿಕೊಂಡು ಬಂದ ಎಮ್ಮಿಯನ್ನು ಕಂಡು ಜೊತೆಗಾರನು ಇವಳು ನಿನ್ನ ಅಜ್ಜಿಯೋ ಎಂದು ಹಂಗಿಸಿದಾಗ ಅವನೂ ನಗುತ್ತಾನೆ. ಬಳಿಕ ಕನ್ನಡಿಯೆದುರು ನಿಂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ. ನಗುವಿಗೂ ಹೊಡೆತಕ್ಕೂ ನಡುವೆ ಅವನ ಮನಸ್ಸಿನಲ್ಲಿ ನಡೆದುದನ್ನು ಕೇಳುವ ಅವಕಾಶ ನಮಗಿಲ್ಲ. ಎಮ್ಮಿಯೊಡನೆ ಕುಣಿಯುತ್ತಿರುವಾಗಲೇ ಅವನು ಕುಸಿದುಬೀಳುವುದೂ, ಜಠರದ ಹುಣ್ಣೆಂದೂ ಪರದೇಶದ ಕೂಲಿಗಾರರಲ್ಲಿ ಇದು ಸಾಮಾನ್ಯವೆಂದೂ ಆರು ತಿಂಗಳಲ್ಲಿ ಮರುಕಳಿಸುವುದೆಂದೂ ವೈದ್ಯನು ಆಕೆಗೆ ಹೇಳುವುದೂ ಸತ್ಯಕ್ಕೆ ಹತ್ತಿರವಾದ ಮುಕ್ತಾಯವೇ. ಆದರೂ ಅವನ ಸಂಕಟವನ್ನು ಹೇಳುವ ಅಧಿಕಾರವು ಅಲ್ಲಿಯೂ ವೈದ್ಯನ ಬಾಯಿಗೆ ಹೋಯಿತು. ತನ್ನ ಊರಿನವರೊಡನೆ, ಹರಕು ಜರ್ಮನಿನಲ್ಲಲ್ಲದೆ ತನ್ನದೇ ನುಡಿಯಲ್ಲಿ, ಈ ಮದುವೆಯನ್ನು ಕುರಿತು ಅವನು ಮನಬಿಚ್ಚಿ ಮಾತನಾಡುವ ದೃಶ್ಯವೊಂದಿದ್ದಿದ್ದರೆ, ಎಮ್ಮಿಗೆ ದೊರೆತ ಪೂರ್ಣತೆಯು ಅವನಿಗೂ ದೊರೆಯುತ್ತಿತ್ತೆಂದು ನಾನು ನಂಬುತ್ತೇನೆ.