ಅಳೆದದ್ದು ಒಂದು, ಕಟ್ಟಿದ್ದು ಇನ್ನೊಂದು

ರಾಯಚೂರು ಜಿಲ್ಲೆ ಮಳೆಯ ಬರವನ್ನು ಎಷ್ಟೋ ಸಲ ಕಂಡಿದೆ, ಯೋಜನೆಯ ಬರವನ್ನು ಕಂಡಿಲ್ಲ. ಗ್ರಾಮ ಪಂಚಾಯಿತಿಗಳು ದೂರದೃಷ್ಟಿ ಯೋಜನೆ ಬರೆದಿಟ್ಟಿವೆ. ಕಲಬುರಗಿಯಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ವರ್ಷ ವರ್ಷ ಕ್ರಿಯಾ ಯೋಜನೆ ಮಂಜೂರು ಮಾಡುತ್ತದೆ. 2018ರಿಂದೀಚೆಗೆ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಯಾದಗಿರಿಯ ಜೊತೆ ರಾಯಚೂರೂ ಇದೆ. ಈ ಎಲ್ಲ ಕಾಗದಗಳಲ್ಲಿ ಆದ್ಯತೆ ಎಂಬ ಮಾತು ಧಾರಾಳವಾಗಿ ಬರುತ್ತದೆ. ಆದರೆ ಒಂದಕ್ಕೆ ಆದ್ಯತೆ ಕೊಟ್ಟರೆ ಇನ್ನೊಂದನ್ನು ಹಿಂದಕ್ಕೆ ತಳ್ಳಲೇಬೇಕು. ಶಿಕ್ಷಣ, ಆರೋಗ್ಯ, ರಸ್ತೆ, ನೀರಾವರಿ, ಪ್ರವಾಸೋದ್ಯಮ, ಕ್ರೀಡೆ ಎಂದು ಎಲ್ಲವನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ ಮೇಲೆ ಹಿಂದಿನ ಸಾಲು ಎಲ್ಲಿಂದ ಬರಬೇಕು? ನಿಜವಾದ ಆಯ್ಕೆ ಕಾಗದದ ಹೊರಗೆ, ಕಾಮಗಾರಿಗಳ ಪಟ್ಟಿ ಕಟ್ಟುವ ಹೊತ್ತಿನಲ್ಲಿ ನಡೆಯುತ್ತದೆ. ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಕಡೆಯಿಂದ ನೋಡಿದರೆ ಆ ಆಯ್ಕೆಯ ದೋಷ ಹಣದ ಕೊರತೆಗಿಂತ ಹಳೆಯದು. ಈ ನೆಲ ಹಿಂದುಳಿದಿದೆ ಎಂದು ಯಾವುದನ್ನು ಅಳೆದು ಹೇಳಿದರೋ ಅದಕ್ಕೆ ಮದ್ದಾಗಿ ಇನ್ನೇನನ್ನೋ ಕಟ್ಟುತ್ತಾ ಬಂದಿದ್ದೇವೆ.

ಅಳತೆಯ ಕಥೆಯನ್ನೇ ಮೊದಲು ನೋಡೋಣ. ಪ್ರಾದೇಶಿಕ ಅಸಮಾನತೆ ನಿವಾರಣೆಗೆ 2000ದಲ್ಲಿ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಆಗಿದ್ದ 175 ತಾಲ್ಲೂಕುಗಳನ್ನೂ ತೂಗಿತು. 114 ತಾಲ್ಲೂಕುಗಳು ಹಿಂದುಳಿದವು ಎಂದು ತೀರ್ಮಾನವಾಯಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ದೇವದುರ್ಗ 0.53ರೊಂದಿಗೆ ಇಡೀ ರಾಜ್ಯದ ತಳದಲ್ಲಿತ್ತು. ಲಿಂಗಸುಗೂರು, ಮಾನ್ವಿ, ಸಿಂಧನೂರು ಮೂರೂ ಅದೇ ಅತ್ಯಂತ ಹಿಂದುಳಿದ ಗುಂಪಿಗೆ ಸೇರಿದವು. ಅಲ್ಲಿಯವರೆಗೆ ವೇದಿಕೆಯ ದೂರಾಗಿದ್ದದ್ದು ಈ ವರದಿಯಿಂದ ಲೆಕ್ಕವಾಯಿತು; ಕರ್ನಾಟಕದ ಆಡಳಿತದಲ್ಲಿ ಇಷ್ಟು ಪ್ರಾಮಾಣಿಕವಾದ ದಾಖಲೆ ಅಪರೂಪ. ಅದರ ಸೂಚಕಗಳನ್ನು ಗಮನಿಸಿ: ಹತ್ತು ಸಾವಿರ ಜನಕ್ಕೆ ಎಷ್ಟು ವೈದ್ಯರು, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಶಾಲೆಯ ಹೊರಗುಳಿದ ಮಕ್ಕಳೆಷ್ಟು, ಅಕ್ಷರ ಬಲ್ಲವರೆಷ್ಟು, ತಲೆಗೆ ದಿನಕ್ಕೆ 40 ಲೀಟರಾದರೂ ನೀರು ಸಿಗುವ ಜನವಸತಿಗಳೆಷ್ಟು. ರಸ್ತೆ, ರೈಲು, ಬ್ಯಾಂಕು, ಟ್ರ್ಯಾಕ್ಟರ್‌ಗಳೂ ಲೆಕ್ಕದಲ್ಲಿದ್ದವು. ಆದರೆ ಜನರ ಬದುಕಿಗೆ ಹತ್ತಿರದ ಸೂಚಕಗಳೆಲ್ಲ ಮನುಷ್ಯರು ನಿತ್ಯ ಬಂದು ಮಾಡಬೇಕಾದ ಕೆಲಸವನ್ನೇ ಅಳೆಯುತ್ತಿದ್ದವು. ವೈದ್ಯರು ಇದ್ದಾರೆಯೇ, ಶಿಕ್ಷಕರು ಇದ್ದಾರೆಯೇ, ನಳದಲ್ಲಿ ನೀರು ಬರುತ್ತದೆಯೇ ಎಂದು ಅವು ಕೇಳಿದವು.

ಇದೇ ಸೂಚ್ಯಂಕವನ್ನು ಆಧಾರವಾಗಿಟ್ಟುಕೊಂಡು ಮಂಡಳಿಯ ಹಣ ತಾಲ್ಲೂಕುಗಳಿಗೆ ಹಂಚಿಕೆಯಾಗುತ್ತದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ 2013ರಿಂದ ಆ ಹಣ ಒಟ್ಟಾರೆ ಬೆಳೆದು, 2023–24ರ ಬಜೆಟ್ಟಿನಲ್ಲಿ ಮಂಡಳಿಗೆ ಘೋಷಣೆಯಾದ ಮೊತ್ತ 5,000 ಕೋಟಿ ರೂಪಾಯಿ. ಹಣ ಬರುವ ದಾರಿ ಹೀಗೆ ಸೂಚ್ಯಂಕದ್ದಾದರೆ, ಹೋಗುವ ದಾರಿ ಗುತ್ತಿಗೆಯದು. ಕ್ರಿಯಾ ಯೋಜನೆಯ ಅನುಮೋದನೆ ತಡವಾಗಿ ಬರುತ್ತದೆ, ಮಾರ್ಚ್ ಮುಗಿಯುವುದರೊಳಗೆ ಖರ್ಚಿನ ಶೇಕಡಾವಾರು ತೋರಿಸಬೇಕು, ಶಾಸಕರಿಗೆ ಭೂಮಿಪೂಜೆಗೆ ಒಂದು ಜಾಗ ಬೇಕು. ಈ ಮೂರೂ ಒತ್ತಡಗಳಿಗೆ ಹೊಂದುವ ವಸ್ತು ಒಂದೇ: ಸಿಮೆಂಟು. ಸಿಸಿ ರಸ್ತೆ, ಚರಂಡಿ, ಸಮುದಾಯ ಭವನ, ಹೆಚ್ಚುವರಿ ಕೊಠಡಿ, ಕಾಂಪೌಂಡು ಇವಕ್ಕೆಲ್ಲ ಅಂದಾಜು ಪಟ್ಟಿ ಬರೆಯಬಹುದು, ಅಳತೆ ಪುಸ್ತಕದಲ್ಲಿ ದಾಖಲಿಸಬಹುದು, ಬಿಲ್ ಮಾಡಬಹುದು. ಗಣಿತದ ಮೇಷ್ಟರು ವರ್ಷವಿಡೀ ಪಾಠ ಮಾಡಿದ್ದನ್ನು ಅಳತೆ ಪುಸ್ತಕದಲ್ಲಿ ಬರೆಯಲಾಗುವುದಿಲ್ಲ. ಹೀಗಾಗಿ ಶಿಕ್ಷಕರಿಲ್ಲ ಎಂಬ ಕಾರಣಕ್ಕೆ ಬಂದ ಹಣ ಕೊಠಡಿಯಾಗುತ್ತದೆ, ವೈದ್ಯರಿಲ್ಲ ಎಂಬ ಕಾರಣಕ್ಕೆ ಬಂದ ಹಣ ಆಸ್ಪತ್ರೆಯ ಹೊಸ ಬ್ಲಾಕ್ ಆಗುತ್ತದೆ. ಇಲ್ಲಿ ಯಾರೂ ಕದ್ದಿರಬೇಕಿಲ್ಲ. ಎಲ್ಲರೂ ನಿಯಮದ ಪ್ರಕಾರವೇ ನಡೆದರೂ ಫಲಿತಾಂಶ ಇದೇ ಆಗಿರುತ್ತದೆ. ಭ್ರಷ್ಟಾಚಾರದ ಬಗ್ಗೆ ಮಾತ್ರ ಮಾತಾಡುವ ಟೀಕಾಕಾರರಿಗೆ ಈ ಅಂಶ ಕಣ್ಣಿಗೆ ಬೀಳುವುದಿಲ್ಲ.

ಕಟ್ಟಿದರೆ ಸಾಲದು ಎಂಬುದಕ್ಕೆ ಸಿಂಧನೂರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1950ರ ದಶಕದಲ್ಲೇ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಹರಿಯಿತು. ಕ್ಯಾಂಪುಗಳು ಬೆಳೆದವು, ಭತ್ತ ಬಂತು, ಅಕ್ಕಿ ಗಿರಣಿಗಳು ಬಂದವು, ಪೇಟೆಯಲ್ಲಿ ದುಡ್ಡು ಓಡಾಡಿತು. ಅರ್ಧ ಶತಮಾನದ ನೀರಾವರಿಯ ನಂತರವೂ 2002ರ ವರದಿ ಈ ತಾಲ್ಲೂಕನ್ನು ಅತ್ಯಂತ ಹಿಂದುಳಿದವುಗಳ ಜೊತೆಯಲ್ಲೇ ಇಟ್ಟಿತು. 2005ರ ರಾಜ್ಯ ಮಾನವ ಅಭಿವೃದ್ಧಿ ವರದಿಯಲ್ಲಿ 1991 ಮತ್ತು 2001, ಎರಡೂ ವರ್ಷದ ಲೆಕ್ಕಕ್ಕೆ ರಾಯಚೂರು ಕೊನೆಯ ಜಿಲ್ಲೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 48.73. ಗದ್ದೆಗೆ ನೀರು ಬಂದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಈ ಅಂಕಿಗಳು ಒಪ್ಪುವುದಿಲ್ಲ. ಆ ನೀರಾದರೂ ನೆಟ್ಟಗೆ ಹರಿಯುತ್ತಿದೆಯೇ? ಅರೆ ನೀರಾವರಿ ಬೆಳೆಗೆಂದು ಗೊತ್ತುಮಾಡಿದ ಪ್ರದೇಶದಲ್ಲೂ ಮೇಲ್ಭಾಗದವರು ಭತ್ತ ಹಾಕುತ್ತಾರೆ, ಕಾಲುವೆಗುಂಟ ಅನಧಿಕೃತ ಪಂಪುಗಳು ನೀರೆತ್ತುತ್ತವೆ, ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತರು ಕಾಲುವೆಯ ಮೈಲ್ 69ರಲ್ಲಿ ನೀರಿನ ಗೇಜ್ ಮಟ್ಟ ಕಾಯ್ದುಕೊಳ್ಳಿ ಎಂದು ರಸ್ತೆಗಿಳಿಯುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಉಳಿದ ಗೇಟುಗಳ ಮೇಲೂ ಭರವಸೆಯಿಲ್ಲದೆ 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಹೂಳು ತುಂಬಿ 133ರಿಂದ 105 ಟಿಎಂಸಿಗೆ ಇಳಿದ ಜಲಾಶಯಕ್ಕೆ ಇದು ಮೇಲಿನ ಪೆಟ್ಟು. ರಾಯಚೂರು ನಗರಕ್ಕೆ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ನೀರು ಶುದ್ಧೀಕರಿಸುವ ಘಟಕವೂ ಇತ್ತು. ಆದರೂ 2022ರ ಬೇಸಿಗೆಯ ಕೊನೆಯಲ್ಲಿ ನಳದ ಕಲುಷಿತ ನೀರು ಕುಡಿದು ಜನ ಸತ್ತರು. ಈ ಎಲ್ಲ ಕಡೆ ಆಸ್ತಿ ಇತ್ತು, ಅದನ್ನು ನೋಡಿಕೊಳ್ಳುವ ಏರ್ಪಾಡು ಸೋತಿತ್ತು.

ಸೂಚ್ಯಂಕದ ಇನ್ನೊಂದು ಮಿತಿಯೂ ಇದೆ. ಅದು ತಾಲ್ಲೂಕಿನ ಸರಾಸರಿ, ಅದೂ ಎರಡು ದಶಕದ ಹಿಂದಿನದು. ಅಶೋಕನ ಹೆಸರನ್ನು ಹೇಳುವ ಶಾಸನದಿಂದ 1915ರಲ್ಲೇ ಜಗತ್ತಿಗೆ ಗೊತ್ತಾದ ಮಸ್ಕಿ, ನಂಜುಂಡಪ್ಪನವರ ಕೋಷ್ಟಕದಲ್ಲಿ ಇಲ್ಲವೇ ಇಲ್ಲ, ಏಕೆಂದರೆ ಅದಿನ್ನೂ ತಾಲ್ಲೂಕಾಗಿರಲಿಲ್ಲ. ಲಿಂಗಸುಗೂರು ತಾಲ್ಲೂಕಿನೊಳಗೆ ಹಟ್ಟಿಯ ಚಿನ್ನದ ಗಣಿಯ ಕಾಲೊನಿಯೂ ಇದೆ, ಬೇಸಿಗೆ ಬಂದರೆ ಗುಳೆ ಹೋಗುವ ತಾಂಡಾಗಳೂ ಇವೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಅಂಕಿ ಎರಡಕ್ಕೂ ಸುಳ್ಳು. ಮುದಗಲ್ ಒಂದು ಹೋಬಳಿ ಕೇಂದ್ರ. ತಾಲ್ಲೂಕು ಮಾಡಿ ಎಂಬ ಬೇಡಿಕೆ ಅಲ್ಲಿ ಹಳೆಯದು, ಅದಕ್ಕೆ ಕಾರಣವೂ ಇಷ್ಟೇ: ಲೆಕ್ಕ ತಾಲ್ಲೂಕಿನಲ್ಲಿ ಶುರುವಾಗಿ ತಾಲ್ಲೂಕಿನಲ್ಲೇ ಮುಗಿಯುವಾಗ ಹೋಬಳಿಯ ಊರು ಕಾಣಿಸಿಕೊಳ್ಳಲು ಬೇರೆ ದಾರಿಯಿಲ್ಲ. ಒಂದು ಕಾಲಕ್ಕೆ ವಿಜಯನಗರ, ಬಹಮನಿ ಅರಸರು ಮುದಗಲ್ಲಿನ ಕೋಟೆಗಾಗಿ ಮೇಲಿಂದ ಮೇಲೆ ದಂಡೆತ್ತಿ ಬಂದಿದ್ದರೆಂದರೆ ಇಂದಿನ ಕ್ರಿಯಾ ಯೋಜನೆ ಓದಿದವರಿಗೆ ನಂಬಿಕೆ ಬರಲಾರದು. ಹೊಸ ಯೋಜನೆ ಹೋಬಳಿಯನ್ನು, ಸಾಧ್ಯವಾದರೆ ಗ್ರಾಮ ಪಂಚಾಯಿತಿಯನ್ನು, ಅಳತೆಯ ಘಟಕ ಮಾಡಿಕೊಳ್ಳಬೇಕು. ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾದ ಮೇಲೂ ಚರ್ಚೆ ತಾಲ್ಲೂಕುಗಳ ಸ್ಥಾನ ಮೇಲೋ ಕೆಳಗೋ ಎಂಬಲ್ಲೇ ಸುತ್ತುತ್ತಿದ್ದರೆ ಪ್ರಯೋಜನ ಕಡಿಮೆ.

ಕಟ್ಟುವುದಕ್ಕಿಂತ ನೋಡಿಕೊಳ್ಳುವುದು ಮುಖ್ಯ ಎಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಬೆಂಗಳೂರು, ಮೈಸೂರು ಕಡೆಯವರಿಗೆ ಎಲ್ಲವನ್ನೂ ಕಟ್ಟಿಕೊಟ್ಟ ಮೇಲೆ, ನಮ್ಮ ಸರದಿ ಬಂದಾಗ ಕಟ್ಟಬೇಡಿ, ಇರುವುದನ್ನು ನೋಡಿಕೊಳ್ಳಿ ಎನ್ನುವುದು ಯಾವ ನ್ಯಾಯ? ನಂಜುಂಡಪ್ಪ ವರದಿ ರಾಯಚೂರಿಗೆ ಹೇಳಿದ್ದ ಐಐಟಿ ಧಾರವಾಡಕ್ಕೆ ಹೋಯಿತು. ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ವರ್ಷಗಳನ್ನೇ ದಾಟಿತು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಕೂತರು. ಅವರಿಗೆ ಉತ್ತರವಾಗಿ ಬಂದದ್ದು ನಂದವಾಡಗಿ ಏತ ನೀರಾವರಿಯ ಮಾತು. ಈ ಸಿಟ್ಟು ನ್ಯಾಯವಾದದ್ದೇ. ಆದರೆ ಐಐಟಿ, ಏಮ್ಸ್, ದೊಡ್ಡ ಕಾಲುವೆ, ರೈಲು ಇವು ಜಿಲ್ಲಾ ಯೋಜನೆಯ ಚೀಲದಿಂದ ಬರುವಂಥವಲ್ಲ, ಅವುಗಳ ಜಗಳ ಬೆಂಗಳೂರು, ದೆಹಲಿಯ ಜೊತೆ. ಜಿಲ್ಲೆಯ ಕೈಯಲ್ಲಿರುವ ಹಣ ಸಮುದಾಯ ಭವನಕ್ಕೆ ಹೋದರೆ ಏಮ್ಸ್ ಹತ್ತಿರವೇನೂ ಆಗುವುದಿಲ್ಲ. ಕಟ್ಟಲೇಬೇಕಾದದ್ದು ಇಲ್ಲವೆಂದೂ ಅಲ್ಲ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಶೀಲಹಳ್ಳಿ ಸೇತುವೆ ಮುಳುಗಿ ಲಿಂಗಸುಗೂರು ತಾಲ್ಲೂಕಿನ ಕೃಷ್ಣೆಯ ನಡುಗಡ್ಡೆಗಳು ಹೊರಲೋಕದ ಸಂಪರ್ಕ ಕಳೆದುಕೊಳ್ಳುತ್ತವೆ. ಅಲ್ಲಿರುವ ಕುಟುಂಬಗಳು ಕೆಲವೇ, ಯಾವ ಸೂಚ್ಯಂಕದಲ್ಲೂ ಅವು ಒಂದು ದಶಮಾಂಶವನ್ನೂ ಅಲುಗಿಸುವುದಿಲ್ಲ. ಆದರೂ ಹೆರಿಗೆ ನೋವು, ಹಾವಿನ ಕಡಿತ ನೀರು ಇಳಿಯುವವರೆಗೆ ಕಾಯುವುದಿಲ್ಲವಾದ್ದರಿಂದ ಆ ಸೇತುವೆ ಪಟ್ಟಿಯ ಮೇಲ್ತುದಿಯಲ್ಲಿರಬೇಕು.

ಎರಡನೆಯ ಆಕ್ಷೇಪ ಹಣಕಾಸು ಇಲಾಖೆಯದು: ಸಂಬಳ, ನಿರ್ವಹಣೆ ಪ್ರತಿ ವರ್ಷ ಮರುಕಳಿಸುವ ಹೊರೆ, ವಿಶೇಷ ಅನುದಾನವನ್ನು ಅದಕ್ಕೆ ಕಟ್ಟಿಹಾಕಬಾರದು. ಈ ಗೋಡೆಯನ್ನು ಮಂಡಳಿಯೇ ಅಲ್ಪಸ್ವಲ್ಪ ಒಡೆದಿದೆ. ‘ಅಕ್ಷರ ಆವಿಷ್ಕಾರ’ ಎಂದು ಶಿಕ್ಷಣಕ್ಕೆ ದೊಡ್ಡ ಪಾಲು ಎತ್ತಿಟ್ಟಾಗ ಅತಿಥಿ ಶಿಕ್ಷಕರ ಗೌರವಧನಕ್ಕೂ ಅದರಿಂದ ಹಣ ಸಂದಿತು. ಅದು ಕಾಯಂ ನೇಮಕಾತಿಯ ಬದಲಿಯಲ್ಲ, ಆಗಲೂಬಾರದು. 371(ಜೆ) ಅಡಿಯಲ್ಲಿ ಸ್ಥಳೀಯರಿಗೆ ಸಿ ವೃಂದದಲ್ಲಿ ಶೇ 80, ಡಿ ವೃಂದದಲ್ಲಿ ಶೇ 85 ಹುದ್ದೆಗಳ ಮೀಸಲಾತಿಯಿದೆ. ತುಂಬದ ಹುದ್ದೆಯಲ್ಲಿ ಮೀಸಲಾತಿ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ, ಯಾವ ಮಗುವಿಗೂ ಪಾಠ ಹೇಳುವುದಿಲ್ಲ. ನಿರ್ವಹಣೆಯನ್ನು ಹೊರೆ ಎನ್ನುವವರು ಕೆಟ್ಟ ನೀರಿನ ಘಟಕವನ್ನು ಕೆಡವಿ ಹೊಸದು ಕಟ್ಟುವ ಖರ್ಚನ್ನು ಬಂಡವಾಳ ಎಂದು ಬರೆದುಕೊಳ್ಳುತ್ತಾರೆ. ಜನರ ಮಟ್ಟಿಗೆ ಎರಡನೆಯದೇ ದುಬಾರಿ. ಆದ್ದರಿಂದ ಯಾವ ಹೊಸ ಕಾಮಗಾರಿಯ ಅಂದಾಜು ಪಟ್ಟಿಯೂ ಮುಂದಿನ ಐದು ವರ್ಷ ಅದನ್ನು ಯಾರು ನಡೆಸುತ್ತಾರೆ, ಯಾವ ಲೆಕ್ಕಶೀರ್ಷಿಕೆಯಿಂದ ಹಣ ಬರುತ್ತದೆ ಎಂಬುದಿಲ್ಲದೆ ಮಂಜೂರಾಗಬಾರದು.

ಮೂರನೆಯದು ಜನಪ್ರತಿನಿಧಿಗಳ ಮಾತು: ಜನರೇ ರಸ್ತೆ ಕೇಳುತ್ತಾರೆ, ಭವನ ಕೇಳುತ್ತಾರೆ, ನಾವೇನು ಮಾಡೋಣ? ಕೇಳುತ್ತಾರೆ, ನಿಜ. ಯಾವ ಅರ್ಜಿ ಮಂಜೂರಾಗುತ್ತದೆ ಎಂದು ಜನಕ್ಕೆ ಅನುಭವದಿಂದ ಗೊತ್ತು, ಆದ್ದರಿಂದ ಸಿಗುವುದನ್ನೇ ಕೇಳುತ್ತಾರೆ. ಈ ಬೇಡಿಕೆಗಳನ್ನು ತೂಗಿ ನೋಡಬೇಕಾದ ಜಾಗ ಸಂವಿಧಾನದ 243ಝಡ್‌ಡಿ ವಿಧಿಯ ಜಿಲ್ಲಾ ಯೋಜನಾ ಸಮಿತಿ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆ, ಪುರಸಭೆಗಳ ಚುನಾಯಿತ ಸದಸ್ಯರ ನಡುವಿನಿಂದಲೇ ಆಯ್ಕೆಯಾಗಬೇಕು. ಆದರೆ 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆಯೇ ನಡೆಯಲಿಲ್ಲ. ಹಳ್ಳಿಗಳ ಪರವಾಗಿ ಕೂರಬೇಕಾದ ಕುರ್ಚಿಗಳು ಖಾಲಿಯಾದಾಗ ಆದ್ಯತೆ ನಿರ್ಧಾರ ಶಾಸಕರ ಪತ್ರ, ಜಿಲ್ಲಾಧಿಕಾರಿಯ ಸಹಿ, ಮಂಡಳಿಯ ಅನುಮೋದನೆಯ ನಡುವೆ ಮುಗಿದುಹೋಗುತ್ತದೆ. ಅಂಥ ಯೋಜನೆಯನ್ನು ಸ್ಥಳೀಯ ಎಂದು ಕರೆಯಲು ಧೈರ್ಯ ಬೇಕು.

ಮುದಗಲ್ಲಿನ ಮಟ್ಟಿಗೆ ಈ ಪ್ರಶ್ನೆ ಈಗ ತುರ್ತಾಗಿದೆ. ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ರೈಲು ಕುಷ್ಟಗಿ ಮುಟ್ಟಿತು. ಆ ಮಾರ್ಗ ಮುಂದೆ ಸಾಗಬೇಕಾದದ್ದು ಮುದಗಲ್, ಲಿಂಗಸುಗೂರು ದಾಟಿಕೊಂಡೇ. ಇನ್ನೊಂದು ದಿಕ್ಕಿನಿಂದ ಸಿಂಧನೂರಿಗೆ 2024ರಲ್ಲೇ ರೈಲು ಬಂದಾಗಿದೆ. ರೈಲು ಬಂದ ಊರಿನಿಂದ ಗುಳೆ ಹೋಗುವುದು ಸುಲಭವಾಗಬಹುದು, ಊರಿಗೆ ವ್ಯಾಪಾರ ಬರುವುದೂ ಸುಲಭವಾಗಬಹುದು. ಎರಡರಲ್ಲಿ ಯಾವುದು ಎಂಬುದನ್ನು ಈಗಿನ ನಾಲ್ಕೈದು ವರ್ಷದ ಖರ್ಚು ಗೊತ್ತುಮಾಡುತ್ತದೆ. ಕೋಟೆಯ ಅಭಿವೃದ್ಧಿಯ ಹೆಸರಿನಲ್ಲಿ ಬಣ್ಣದ ದೀಪ, ಸ್ವಾಗತ ಕಮಾನು ಕೇಳುವವರು ಬೇಕಾದಷ್ಟಿದ್ದಾರೆ. ಮೊಹರಂಗೆ ಸುತ್ತಲ ಜಿಲ್ಲೆಗಳಿಂದ ಜನ ಸೇರುವ ಊರಿಗೆ ಅದಕ್ಕಿಂತ ಮೊದಲು ಶೌಚಾಲಯ, ಕುಡಿಯುವ ನೀರು, ಕಸ ಎತ್ತುವ ಪೌರಕಾರ್ಮಿಕರು ಬೇಕು. ನನ್ನ ಎಣಿಕೆಯಲ್ಲಿ ಮೊದಲ ವರ್ಷದ ಹಣ ನೀರು ಪರೀಕ್ಷೆಗೆ, ನೀರಗಂಟಿಗಳ ಸಂಬಳಕ್ಕೆ, ಕೆಟ್ಟು ನಿಂತ ಘಟಕಗಳ ದುರಸ್ತಿಗೆ, ಪ್ರೌಢಶಾಲೆಗಳ ವಿಜ್ಞಾನ, ಗಣಿತ, ಇಂಗ್ಲಿಷ್ ಶಿಕ್ಷಕರಿಗೆ ಮತ್ತು ಹಳ್ಳಿಯ ಹುಡುಗಿಯರು ಸಂಜೆ ಬೆಳಕಿರುವಾಗಲೇ ಮನೆ ಮುಟ್ಟುವಂಥ ಬಸ್ಸಿಗೆ ಹೋಗಬೇಕು. ನಡುಗಡ್ಡೆಯ ಸೇತುವೆ ಅದರ ಜೊತೆಗೇ. ತೊಗರಿ, ಸಜ್ಜೆಗೆ ಗೋದಾಮು ರೈಲು ನಿಲ್ದಾಣದ ಕೆಲಸದ ಜೊತೆ ಎರಡನೆಯ ವರ್ಷಕ್ಕೆ. ಭವನಗಳು, ಕಮಾನುಗಳು, ಚೆನ್ನಾಗಿರುವ ರಸ್ತೆಯ ಮೇಲಿನ ಮರುಡಾಂಬರು ಐದು ವರ್ಷ ಕಾಯಲಿ. ಹೀಗೆ ಕಾಯಬೇಕಾದವುಗಳ ಪಟ್ಟಿಯನ್ನೂ ಊರಿನ ಹೆಸರು, ಕಾರಣ, ನಿರ್ಧರಿಸಿದವರ ಸಹಿಯ ಸಮೇತ ಯೋಜನೆಯಲ್ಲೇ ಅಚ್ಚು ಹಾಕಿ ಗ್ರಾಮಸಭೆಯಲ್ಲಿ ಓದಿ ಹೇಳಬೇಕು.